ಜೋಳದ ಎಲೆಯ ಮೇಲೊಂದು ಕಾಣದ ಊರು

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ನೀಲಮ್ಮನ ಗುಡಿ. ಬಸವಣ್ಣನವರ ಪತ್ನಿ ನೀಲಾಂಬಿಕೆ ಕೃಷ್ಣೆಯ ದಂಡೆಯ ಈ ಊರಿನಲ್ಲಿ ಐಕ್ಯಳಾದಳೆಂದು ಪ್ರತೀತಿ. ಹೊಳೆ ದಾಟಿದರೆ ಕೂಡಲಸಂಗಮದ ಸೀಮೆ. ಭಕ್ತರು ಬರುತ್ತಾರೆ, ಕೈ ಮುಗಿಯುತ್ತಾರೆ, ಮರಳುತ್ತಾರೆ. ಗುಡಿಯ ಆಚೆಗಿನ ಹೊಲಗಳತ್ತ ಕಣ್ಣು ಹಾಯಿಸುವವರು ಕಡಿಮೆ.

ಎಳ್ಳಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇದ್ದಾಗ ನಾನು ಅಲ್ಲಿಗೆ ಹೋಗಿದ್ದೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಗೆಳೆಯರೊಬ್ಬರಿಂದ ಕಡ ತಂದ ಕ್ಯಾಮೆರಾ ಹೆಗಲಲ್ಲಿತ್ತು. ಅದರ ಮೂತಿಗೆ ಕೀಟಗಳ ಚಿತ್ರ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸ್. ಬದುವಿನಲ್ಲಿ ರೈತರೊಬ್ಬರು ಬೆನ್ನಿಗೆ ಔಷಧಿಯ ಪಂಪು ಕಟ್ಟಿಕೊಳ್ಳುತ್ತಿದ್ದರು. ನನ್ನನ್ನು ಕರೆದು ಜೋಳದ ಎಲೆಯೊಂದನ್ನು ಮಗುಚಿ ತೋರಿಸಿದರು. ಎಲೆಯ ಅಡಿಯಲ್ಲಿ ರವೆ ಚೆಲ್ಲಿದಂತೆ ಹೇನು. ಅವುಗಳ ನಡುವೆ ಕಪ್ಪಗೆ, ಮೈಯೆಲ್ಲ ಮುಳ್ಳುಮುಳ್ಳಾದ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಹುಳು.

‘ಹೇನಿನ ಕಾಟ ಸಾಲದಂತ ಈ ಮುಳ್ಳಹುಳ ಬ್ಯಾರೆ ಬಂದೈತ್ರಿ’ ಎಂದು ಅದನ್ನು ಹೆಬ್ಬೆರಳಿನಿಂದ ಒರೆಸಿ ಹಾಕಿದರು.

ಪಕ್ಕದ ಎಲೆಯಲ್ಲಿ ಅಂಥದೇ ಇನ್ನೊಂದಿತ್ತು. ಕ್ಯಾಮೆರಾ ಹಿಡಿದು ಕುಳಿತೆ. ಮೊದಲ ನಲವತ್ತು ಚಿತ್ರಗಳು ಬರೀ ಮಸುಕು. ನಲವತ್ತೊಂದನೆಯದೋ ನಲವತ್ತೆರಡನೆಯದೋ ಸರಿಬಂತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅದನ್ನು ರೈತರಿಗೆ ತೋರಿಸಿದೆ. ಮುಳ್ಳುಹುಳು ತನ್ನ ದವಡೆಯಲ್ಲಿ ಒಂದು ಹೇನನ್ನು ಕಚ್ಚಿ ಹಿಡಿದಿತ್ತು. ಹೇನಿನ ಕಾಲುಗಳು ಗಾಳಿಯಲ್ಲಿದ್ದವು.

ಆ ‘ಮುಳ್ಳಹುಳ’ ಬೇರಾವುದೂ ಅಲ್ಲ, ನಮ್ಮ ಮಕ್ಕಳು ಬೆರಳ ಮೇಲೆ ಹತ್ತಿಸಿಕೊಂಡು ಆಡುವ ಗುಲಗಂಜಿ ಹುಳುವಿನ ಮರಿ. ದೊಡ್ಡದಾದ ಮೇಲೆ ಬಣ್ಣದ ಬೆನ್ನಿನ ಮುದ್ದು ದುಂಬಿ. ಮರಿಯಾಗಿದ್ದಾಗ ಮಾತ್ರ ಮೊಸಳೆಯ ರೂಪ. ಬೆಳೆದು ದುಂಬಿಯಾಗುವ ಹೊತ್ತಿಗೆ ಒಂದೊಂದು ಮರಿ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ರೈತರು ಒರೆಸಿ ಹಾಕಿದ್ದು ಕೂಲಿ ಕೇಳದೆ ದುಡಿಯುತ್ತಿದ್ದ ಆಳನ್ನು.

ಹಾಗೆಂದು ಅವರನ್ನು ದೂರುವಂತಿಲ್ಲ. ಕಣ್ಣಿಗೆ ಸರಿಯಾಗಿ ಕಾಣದ್ದರಲ್ಲಿ ಮಿತ್ರ ಯಾರು, ಶತ್ರು ಯಾರು ಎಂದು ತಿಳಿಯುವುದಾದರೂ ಹೇಗೆ? ಕೀಟಗಳ ಸಮೀಪ ಛಾಯಾಗ್ರಹಣ ಕೆಲವರ ಹವ್ಯಾಸವಷ್ಟೇ ಆಗಿ ಉಳಿಯದೆ ಹೊಲದ ವಿಷಯವೂ ಆಗುವುದು ಇಲ್ಲಿಯೇ.

ಒಂದಕ್ಕೆ ಐದು

ಮ್ಯಾಕ್ರೋ ಲೆನ್ಸ್ ಎಂದರೇನು? ಮಾಮೂಲು ಲೆನ್ಸು ಮದುವೆ ಮನೆಯ ಗುಂಪನ್ನು ಹೆಬ್ಬೆರಳ ಗಾತ್ರದ ಫಿಲ್ಮಿನ ಮೇಲೋ ಸೆನ್ಸರ್ ಮೇಲೋ ಕುಗ್ಗಿಸಿ ಕೂರಿಸುತ್ತದೆ. ಮ್ಯಾಕ್ರೋ ಲೆನ್ಸು ಕುಗ್ಗಿಸುವುದಿಲ್ಲ. ಐದು ಮಿಲಿಮೀಟರ್ ಉದ್ದದ ಇರುವೆಯ ಬಿಂಬ ಸೆನ್ಸರ್ ಮೇಲೂ ಐದು ಮಿಲಿಮೀಟರ್ ಬಿದ್ದರೆ ಅದು ‘ಒಂದಕ್ಕೆ ಒಂದು’. ಸಾಮಾನ್ಯ ಮ್ಯಾಕ್ರೋ ಲೆನ್ಸುಗಳು ಇಲ್ಲಿಗೆ ನಿಲ್ಲುತ್ತವೆ. ಚಿಟ್ಟೆಗೆ, ಏರೋಪ್ಲೇನ್ ಚಿಟ್ಟೆಗೆ ಇಷ್ಟು ಸಾಕು.

ಹೇನು, ನುಸಿ, ಹೇನಿಗಿಂತ ಚಿಕ್ಕ ಕಣಜಗಳಿಗೆ ಇದು ಸಾಲದು. ಅವುಗಳಿಗಾಗಿ ಕ್ಯಾನನ್ ಕಂಪನಿ 1999ರಲ್ಲಿ ಎಂಪಿ-ಇ 65 ಎಂಬ ವಿಚಿತ್ರ ಲೆನ್ಸೊಂದನ್ನು ಹೊರತಂದಿತು. ಇದು ಒಂದಕ್ಕೆ ಒಂದರಿಂದ ಶುರುವಾಗಿ ಒಂದಕ್ಕೆ ಐದರವರೆಗೆ ಹಿಗ್ಗಿಸುತ್ತದೆ. ಇದರಿಂದ ದೂರದ ಗುಡ್ಡವನ್ನಾಗಲಿ ಎದುರಿಗಿರುವ ಮನುಷ್ಯನ ಮುಖವನ್ನಾಗಲಿ ತೆಗೆಯಲು ಬರುವುದೇ ಇಲ್ಲ. 2018ರಲ್ಲಿ ಚೀನಾದ ಕಂಪನಿಯೊಂದು ಲಾವೋವಾ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಯ 25 ಮಿಲಿಮೀಟರ್ ಲೆನ್ಸೊಂದನ್ನು ತಂದಿತು. ಅದು ಎರಡೂವರೆ ಪಟ್ಟಿನಿಂದ ಐದು ಪಟ್ಟಿನವರೆಗೆ ಹಿಗ್ಗಿಸುತ್ತದೆ.

ಐದು ಪಟ್ಟು ಎಂದರೆ ಎಷ್ಟು? ದೊಡ್ಡ ಸೆನ್ಸರಿನ ಅಳತೆ 36 ಮಿಲಿಮೀಟರಿಗೆ 24 ಮಿಲಿಮೀಟರ್. ಐದರಿಂದ ಭಾಗಿಸಿದರೆ 7.2ಕ್ಕೆ 4.8. ಎಂದರೆ ಇಡೀ ಚಿತ್ರದ ಚೌಕಟ್ಟಿನಲ್ಲಿ ಹಿಡಿಸುವುದು ಒಂದು ಅಕ್ಕಿಕಾಳು ಮಾತ್ರ. ಗಾಳಿಗೆ ಎಲೆ ಒಂದು ಮಿಲಿಮೀಟರ್ ಅಲುಗಿದರೆ ಚೌಕಟ್ಟಿನ ಎತ್ತರದ ಐದನೆಯ ಒಂದು ಪಾಲು ಜಾರಿತು. ಜೋಳದ ಎಲೆ ಒಂದು ಮಿಲಿಮೀಟರಿಗೆ ನಿಲ್ಲುತ್ತದೆಯೇ?

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಯಾವುದೇ ಚಿತ್ರದಲ್ಲಿ ಒಂದು ನಿರ್ದಿಷ್ಟ ದೂರದ ಪದರ ಮಾತ್ರ ಸ್ಪಷ್ಟ. ಅದರ ಹಿಂದುಮುಂದಿನದು ಮಸುಕು. ಹಿಗ್ಗಿಸಿದಷ್ಟೂ ಈ ಸ್ಪಷ್ಟ ಪದರ ತೆಳುವಾಗುತ್ತದೆ. ಲೆನ್ಸಿನ ಬಾಯನ್ನು ಪೂರ್ತಿ ತೆರೆದಿದ್ದರೆ ಒಂದು ಪಟ್ಟಿನಲ್ಲಿ ಈ ಪದರ ಸುಮಾರು 0.4 ಮಿಲಿಮೀಟರ್. ಐದು ಪಟ್ಟಿಗೆ ಹೋದರೆ 0.05 ಮಿಲಿಮೀಟರ್, ನಮ್ಮ ತಲೆಗೂದಲಿನ ದಪ್ಪದಷ್ಟೂ ಆದೀತೋ ಇಲ್ಲವೋ. ಹುಳುವಿನ ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು, ಮೀಸೆ ಸಿಕ್ಕರೆ ಕಣ್ಣು ಮಸುಕು. ನನ್ನ ಮೊದಲ ನಲವತ್ತು ಚಿತ್ರ ಕೆಟ್ಟಿದ್ದರ ಗುಟ್ಟು ಇಷ್ಟೇ.

ಬಾಯನ್ನು ಕಿರಿದು ಮಾಡಿದರೆ ಪದರ ದಪ್ಪವಾಗುತ್ತದಲ್ಲ ಎನ್ನಬಹುದು. ಆಗುತ್ತದೆ. ಆದರೆ ಸಣ್ಣ ರಂಧ್ರದಲ್ಲಿ ನುಸುಳುವ ಬೆಳಕು ಬಾಗಿ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಇಷ್ಟು ಹಿಗ್ಗಿಸಿದಾಗ ಬೆಳಕು ಮೊದಲೇ ಬಡವಾಗಿರುತ್ತದೆ: ಐದು ಪಟ್ಟಿನಲ್ಲಿ ಸೆನ್ಸರಿಗೆ ತಲುಪುವುದು 36ರಲ್ಲಿ ಒಂದು ಪಾಲು ಮಾತ್ರ. ಬಿಸಿಲು ಎಷ್ಟಿದ್ದರೂ ಸಾಲದು. ಹೀಗಾಗಿ ಫ್ಲ್ಯಾಷ್ ಅನಿವಾರ್ಯ. ಫ್ಲ್ಯಾಷಿನ ಮಿಂಚು ಕ್ಷಣದ ಸಾವಿರಾರನೆಯ ಒಂದಂಶದಷ್ಟು ಹೊತ್ತು ಮಾತ್ರ ಇರುವುದರಿಂದ ಕೈಯ ನಡುಕವನ್ನೂ ಎಲೆಯ ಅಲುಗಾಟವನ್ನೂ ಅದು ನಿಲ್ಲಿಸಿಬಿಡುತ್ತದೆ. ಆದರೆ ಬರಿಯ ಫ್ಲ್ಯಾಷ್ ಹುಳುವಿನ ನುಣುಪು ಬೆನ್ನಿನ ಮೇಲೆ ಬಿಳಿ ಚುಕ್ಕೆಯಾಗಿ ಹೊಡೆಯುತ್ತದೆ. ಅದಕ್ಕೆ ಬೆಳ್ಳನೆಯ ಪರದೆಯೊಂದು ಬೇಕು. ಅಂಗಡಿಯಲ್ಲಿ ಸಿಗುವುದಕ್ಕಿಂತ ಮನೆಯ ಪ್ಲಾಸ್ಟಿಕ್ ಡಬ್ಬಿ, ಥರ್ಮೋಕೋಲ್ ತುಂಡು, ಟ್ರೇಸಿಂಗ್ ಕಾಗದವೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಅನುಭವಸ್ಥರ ಮಾತು.

ಕೀಟ ಎಚ್ಚೆತ್ತಿರುವಾಗ ಬಿಸಿಲೇರಿದ ಮೇಲೆ ಅದರ ಬೆನ್ನು ಹತ್ತುವುದು ವ್ಯರ್ಥ. ಲೆನ್ಸಿನ ಮೂತಿಗೂ ಹುಳುವಿಗೂ ನಡುವೆ ಉಳಿಯುವುದು ನಾಲ್ಕು ಸೆಂಟಿಮೀಟರ್ ಜಾಗ. ನಿಮ್ಮ ನೆರಳು ಬಿದ್ದರೂ ಹಾರಿತು. ಮಾಗಿಯ ಚಳಿಯಲ್ಲಿ, ಸೂರ್ಯ ಮೇಲೇರುವ ಮುನ್ನ, ಇಬ್ಬನಿ ಹೊತ್ತು ಮೈ ಮರಗಟ್ಟಿ ಕುಳಿತ ಕೀಟವೇ ಛಾಯಾಗ್ರಾಹಕನ ಪಾಲಿನ ಪುಣ್ಯ. ಮೊಣಕೈಯನ್ನು ನೆಲಕ್ಕೆ ಊರಿ, ಉಸಿರು ಹಿಡಿದು, ಇಡೀ ಮೈಯನ್ನು ಕೂದಲೆಳೆಯಷ್ಟು ಹಿಂದೆಮುಂದೆ ತೂಗುತ್ತ ಹುಳುವಿನ ಕಣ್ಣು ಹೊಳೆದ ಕ್ಷಣ ಗುಂಡಿ ಒತ್ತಬೇಕು.

ಎಲೆಯಡಿಯ ಸಂಸಾರ

ಇಷ್ಟು ಪಾಡುಪಟ್ಟರೆ ಕಾಣುವುದೇನು? ತಂಗಡಗಿಯ ಆ ಒಂದು ಎಲೆಯಲ್ಲೇ ಕಂಡದ್ದನ್ನು ಹೇಳುತ್ತೇನೆ.

ಹೇನುಗಳ ಹಿಂಡಿನಲ್ಲಿ ಒಂದು ತಾಯಿ ಹಡೆಯುತ್ತಿತ್ತು. ಸಸ್ಯಹೇನುಗಳಲ್ಲಿ ಹೆಣ್ಣು ಗಂಡಿನ ಸಂಗವಿಲ್ಲದೆ, ಮೊಟ್ಟೆಯನ್ನೂ ಇಡದೆ, ಜೀವಂತ ಹೆಣ್ಣುಮರಿಗಳನ್ನೇ ಹೆರಬಲ್ಲದು. ಹುಟ್ಟುವ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಮೊಳೆತಿರುತ್ತಾಳೆ. ನಾಲ್ಕು ಹೇನು ಕಂಡ ಎಲೆ ಕೆಲವೇ ದಿನಗಳಲ್ಲಿ ಹೇನುಮಯವಾಗುವುದು ಇದರಿಂದಲೇ.

ಸ್ವಲ್ಪ ದೂರದಲ್ಲಿ ಕೂದಲಿನಂಥ ಬಿಳಿ ಎಳೆಯ ತುದಿಗೆ ನಿಂತ ಒಂದು ಮೊಟ್ಟೆ. ಇದು ಹಸಿರು ಜಾಲರೆಕ್ಕೆಯ ಕೀಟದ್ದು. ಇದರ ಮರಿಯೂ ಹೇನುಬಾಕವೇ. ಮೊದಲು ಹುಟ್ಟಿದ ಮರಿ ಹಸಿವಿಗೆ ಒಡಹುಟ್ಟಿದವರ ಮೊಟ್ಟೆಯನ್ನೇ ತಿನ್ನದಿರಲಿ, ಇರುವೆಗಳಿಗೂ ಎಟುಕದಿರಲಿ ಎಂಬಂತೆ ತಾಯಿ ಒಂದೊಂದು ಮೊಟ್ಟೆಯನ್ನೂ ಒಂದೊಂದು ಕಂಬದ ಮೇಲಿಡುತ್ತದೆ.

ಇನ್ನೊಂದೆಡೆ ಹೇನೊಂದು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಒಣಗಿದ ಸಿಪ್ಪೆಯಾಗಿತ್ತು. ಬೆನ್ನಿನಲ್ಲಿ ದುಂಡನೆಯ ತೂತು, ಕೊರೆಯಂತ್ರದಲ್ಲಿ ಕೊರೆದಷ್ಟು ಅಚ್ಚುಕಟ್ಟು. ಪುಟ್ಟ ಕಣಜವೊಂದು ಬದುಕಿದ್ದ ಹೇನಿನೊಳಗೆ ಮೊಟ್ಟೆಯಿಟ್ಟು ಹೋಗಿತ್ತು. ಅದರ ಮರಿ ಹೇನನ್ನು ಒಳಗಿನಿಂದ ತಿಂದು ಬೆಳೆದು, ಕಣಜವಾಗಿ, ಆ ತೂತಿನಿಂದ ಹಾರಿಹೋಗಿತ್ತು. ಬರಿಗಣ್ಣಿಗೆ ಅದು ಎಲೆಯ ಮೇಲಿನ ಕಂದು ಚುಕ್ಕೆ. ಚಿತ್ರದಲ್ಲಿ ಅದು ಒಂದು ಕೊಲೆಯ ಸಾಕ್ಷಿ. ರೈತನ ಲೆಕ್ಕದಲ್ಲಿ ಅದು ಲಾಭ.

ಬೆನ್ನ ಮೇಲಿನ ಪಂಪಿನ ಔಷಧಿಗೆ ಈ ಭೇದ ಗೊತ್ತಿಲ್ಲ. ಹಲವು ಬಗೆಯ ಕೀಟಗಳನ್ನು ಒಟ್ಟಿಗೆ ಕೊಲ್ಲುವ ಔಷಧಿ ಹೇನನ್ನೂ ಕೊಲ್ಲುತ್ತದೆ, ಹೇನು ತಿನ್ನುವವರನ್ನೂ ಕೊಲ್ಲುತ್ತದೆ. ಮತ್ತೆ ಬೇಗ ತುಂಬಿಕೊಳ್ಳುವವರು ಯಾರು? ಗಂಡಿಲ್ಲದೆ ಹೆರುವ ಹೇನುಗಳೇ. ಅವುಗಳನ್ನು ತಿನ್ನುವ ಗುಲಗಂಜಿ ಹುಳು ಮೊಟ್ಟೆಯಿಟ್ಟು, ಮರಿಯಾಗಿ, ಕೋಶ ಕಟ್ಟಿ ಬರುವ ಹೊತ್ತಿಗೆ ರೈತ ಎರಡನೆಯ ಸಲ ಅಂಗಡಿಗೆ ಹೋಗಿರುತ್ತಾನೆ.

ಚಿಗಟದಿಂದ ಕಣಜದವರೆಗೆ

ಚಿಕ್ಕದನ್ನು ದೊಡ್ಡದಾಗಿಸಿ ನೋಡುವ ಹಂಬಲ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಎಂಬ ಗ್ರಂಥ ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟವನ್ನು ಮಡಿಚಿದ ದೊಡ್ಡ ಹಾಳೆಯಲ್ಲಿ ಬೆಕ್ಕಿನ ಗಾತ್ರಕ್ಕೆ ಬರೆದು ತೋರಿಸಿದ. ಛಾಯಾಗ್ರಹಣ ಹುಟ್ಟಿದ ಹೊಸದರಲ್ಲೇ, 1840ರ ಆಸುಪಾಸಿನಲ್ಲಿ, ಹೆನ್ರಿ ಫಾಕ್ಸ್ ಟಾಲ್ಬಟ್ ಸೂರ್ಯನ ಬೆಳಕಿನ ಸೂಕ್ಷ್ಮದರ್ಶಕ ಬಳಸಿ ಕೀಟಗಳ ರೆಕ್ಕೆಯ ಚಿತ್ರ ತೆಗೆದ. ಮನುಷ್ಯ ಕ್ಯಾಮೆರಾ ಕಂಡುಹಿಡಿದ ಕೂಡಲೇ ಅದನ್ನು ಹುಳುವಿನತ್ತ ತಿರುಗಿಸಿದನೆಂಬುದು ಸೋಜಿಗವೇ ಸರಿ.

ನಮ್ಮ ನಾಡಿನ ಕಥೆಯೂ ಸಣ್ಣದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಜೋಳದ ಹೊಲ ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ದಖನ್ ಮಿಡತೆಯ ಅಧ್ಯಯನ ಮಾಡಿದರು. ಆ ಮಿಡತೆಯ ಕುಲಕ್ಕೆ 1910ರಲ್ಲಿ ಅವರದೇ ಹೆಸರಿಟ್ಟು ‘ಕೋಲ್ಮಾನಿಯಾ’ ಎಂದು ಕರೆದರು. ಜೋಳ ತಿನ್ನುವ ನಮ್ಮ ಮಿಡತೆ ಇಂದಿಗೂ ಆ ಹೆಸರನ್ನು ಹೊತ್ತು ಕುಪ್ಪಳಿಸುತ್ತಿದೆ.

ಬೆಂಗಳೂರಿನಲ್ಲಿ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ತೆರೆಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರ ಮುಂದೆ ಒಂದು ಕಗ್ಗಂಟಿತ್ತು. ಟ್ರೈಕೊಗ್ರಾಮ ಎಂಬುದು ಸುಮಾರು ಅರ್ಧ ಮಿಲಿಮೀಟರ್ ಉದ್ದದ ಕಣಜ. ಬೆಳೆ ತಿನ್ನುವ ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು, ಕಾಯಿಕೊರಕ ಹುಟ್ಟುವ ಮೊದಲೇ ಅದನ್ನು ಮುಗಿಸುವ ಉಪಕಾರಿ. ಆದರೆ ಇದರ ಜಾತಿಗಳೆಲ್ಲ ಒಂದರಂತೆ ಒಂದು. ಯಾವ ಜಾತಿ ಯಾವ ಬೆಳೆಗೆ ಎಂದು ತಿಳಿಯದೆ ಸಾಕಿ ಬಿಟ್ಟರೆ ಫಲವಿಲ್ಲ. ಗಂಡು ಕಣಜದ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಾತಿಗಳನ್ನು ಬೇರ್ಪಡಿಸಬಹುದೆಂದು ಇವರಿಬ್ಬರು 1971ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಜಗತ್ತಿನ ಕೀಟವಿಜ್ಞಾನಿಗಳು ಆ ದಾರಿ ಹಿಡಿದರು. ಇಂದು ರೈತರಿಗೆ ಸಿಗುವ ‘ಟ್ರೈಕೊಕಾರ್ಡ್’ ಎಂಬ ಅಂಗೈಯಗಲದ ರಟ್ಟಿನಲ್ಲಿ ಇಂಥ ಕಣಜ ಹೊಕ್ಕ ಸಾವಿರಾರು ಮೊಟ್ಟೆಗಳು ಅಂಟಿಕೊಂಡಿರುತ್ತವೆ.

ಕಂಡಿದ್ದರಿಂದ ಉಳಿದದ್ದು

ಅದೇ ಪರಂಪರೆಯ ಬೆಂಗಳೂರಿನ ಸಂಸ್ಥೆಗೆ 2014ರಿಂದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವೆಂದು ಹೆಸರು. ಕೀಟವನ್ನು ಸರಿಯಾಗಿ ಗುರುತಿಸಿದರೆ ಏನಾಗುತ್ತದೆಂಬುದಕ್ಕೆ ಅಲ್ಲಿನ ಒಂದು ಉದಾಹರಣೆ ಸಾಕು. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿ ಗಿಡಗಳ ಮೇಲೆ ಬಿಳಿ ಹತ್ತಿಯಂಥ ಹೊಸ ಹಿಟ್ಟು ತಿಗಣೆ ಕಾಣಿಸಿತು. ಹಿಪ್ಪುನೇರಳೆ, ಮರಗೆಣಸಿಗೂ ಹಬ್ಬಿತು, ಕರ್ನಾಟಕಕ್ಕೂ ಬಂತು. ಹಿಪ್ಪುನೇರಳೆ ಹೋದರೆ ರೇಷ್ಮೆ ಹೋದಂತೆ. ರೈತರು ಔಷಧಿ ಸುರಿದರು. ಮೈಮೇಲೆ ಮೇಣದ ಹೊದಿಕೆ ಹೊದ್ದ ತಿಗಣೆಗೆ ಅದು ತಾಗಲಿಲ್ಲ.

ಇದು ಮಧ್ಯ ಅಮೆರಿಕದ ಕಡೆಯ ತಿಗಣೆ ಎಂದು ಗುರುತು ಸಿಕ್ಕ ಮೇಲೆ ಅದರ ಹುಟ್ಟೂರಿನ ಶತ್ರುವನ್ನು ಹುಡುಕುವ ದಾರಿ ತೆರೆಯಿತು. 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಕಣಜಗಳು ಬೆಂಗಳೂರಿಗೆ ಬಂದವು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಒಂದು ಮಿಲಿಮೀಟರೂ ಇಲ್ಲದ ಜೀವಿ. ಅದನ್ನು ಸಾಕಿ, ಹಂಚಿ, ಹೊಲಗಳಿಗೆ ಬಿಟ್ಟರು. ತಿಂಗಳುಗಳಲ್ಲೇ ತಿಗಣೆಯ ಹಾವಳಿ ಇಳಿಯಿತು. ಲೀಟರುಗಟ್ಟಲೆ ವಿಷಕ್ಕೆ ಆಗದ್ದು ಸಾಸಿವೆಗಿಂತ ಚಿಕ್ಕದಾದ ಕಣಜದಿಂದ ಆಯಿತು.

ಇನ್ನೊಂದು ಉದಾಹರಣೆ ನಮ್ಮ ಮೆಕ್ಕೆಜೋಳದ್ದು. ಅಮೆರಿಕ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿ, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಸಿಕ್ಕಿತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟವಿಜ್ಞಾನಿಗಳು. ಈ ಹುಳು ಜೋಳವನ್ನೂ ಬಿಡುವುದಿಲ್ಲ. ಆದರೆ ಗುರುತು ಸುಲಭ: ತಲೆಯ ಮೇಲೆ ತಲೆಕೆಳಗಾದ ಕವಣೆಯ ಕವಲಿನಂಥ ಬಿಳಿ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಒಂದು ಸ್ಪಷ್ಟ ಚಿತ್ರ ಸಾಕು, ನೂರು ಕಿಲೋಮೀಟರ್ ದೂರದ ತಜ್ಞರೂ ಹೌದು ಅಲ್ಲ ಎಂದು ಹೇಳಬಲ್ಲರು.

ಚಿತ್ರದ ಮಿತಿ, ಚಿತ್ರದ ನೀತಿ

ಹಾಗೆಂದು ಚಿತ್ರವೇ ಎಲ್ಲವನ್ನೂ ಹೇಳುತ್ತದೆಂದು ತಿಳಿಯಬಾರದು. ಟ್ರೈಕೊಗ್ರಾಮದ ಜಾತಿಯನ್ನು ಎಲೆಯ ಮೇಲಿನ ಚಿತ್ರ ನೋಡಿ ಯಾರೂ ಹೇಳಲಾರರು. ಅದಕ್ಕೆ ಗಾಜಿನ ಪಟ್ಟಿಯ ಮೇಲೆ ಇಟ್ಟ ಮಾದರಿಯೇ ಬೇಕು. ಬ್ರಿಟನ್ನಿನ ಲೆವನ್ ಬಿಸ್ ಎಂಬ ಛಾಯಾಗ್ರಾಹಕ 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಪ್ರದರ್ಶಿಸಿದ ಕೀಟಚಿತ್ರಗಳು ಆಳೆತ್ತರಕ್ಕೂ ಮೀರಿದ್ದವು. ಒಂದೊಂದಕ್ಕೆ ಸುಮಾರು 8,000 ಚಿತ್ರಗಳನ್ನು ಪದರಪದರವಾಗಿ ಜೋಡಿಸಿದ್ದರು. ಆದರೆ ಅವು ಸಂಗ್ರಹಾಲಯದಲ್ಲಿದ್ದ ನಿರ್ಜೀವ ಮಾದರಿಗಳು. ಬದುಕಿರುವ ಹುಳು ಎಂಟು ಸಾವಿರ ಸಲ ಮುಖ ತೋರಿಸುತ್ತ ಕೂರುವುದಿಲ್ಲ.

ಇಲ್ಲೊಂದು ಬೇಸರದ ಸಂಗತಿ ಹೇಳಲೇಬೇಕು. ಚೆಂದದ ಚಿತ್ರಕ್ಕಾಗಿ ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ಅಂಟು ಹಚ್ಚಿ ಕಾಲು ಮೇಲೆತ್ತಿ ನಿಲ್ಲಿಸಿ ‘ಇರುವೆ ನರ್ತನ’ ಎಂದು ಹೆಸರಿಡುವವರೂ ಇದ್ದಾರೆ. ವಿಜ್ಞಾನಿ ಮಾದರಿಯೊಂದನ್ನು ತೆಗೆದಿಡುವುದಕ್ಕೆ ಅರ್ಥವಿದೆ. ಅದು ನಾಳೆ ಬೆಳೆಯನ್ನು ಕಾಯುತ್ತದೆ. ಬಹುಮಾನಕ್ಕಾಗಿ ಸುಳ್ಳು ಚಿತ್ರ ಕಟ್ಟುವುದಕ್ಕೆ ಅರ್ಥವಿಲ್ಲ. ಹುಳು ಏನು ಮಾಡುತ್ತದೆಂದು ತಿಳಿಯಲು ತೆಗೆದ ಚಿತ್ರವೇ ಹುಳು ಮಾಡದ್ದನ್ನು ತೋರಿಸಿದರೆ ಆ ಶ್ರಮವೆಲ್ಲ ಯಾತಕ್ಕೆ?

ಈ ಹವ್ಯಾಸಕ್ಕೆ ಲಕ್ಷ ರೂಪಾಯಿ ಬೇಕಿಲ್ಲ. ಹಳೆಯ ಫಿಲ್ಮ್ ಕ್ಯಾಮೆರಾದ 28 ಮಿಲಿಮೀಟರ್ ಲೆನ್ಸು ಮೂಲೆಯಲ್ಲಿ ಬಿದ್ದಿದ್ದರೆ, ಅಗ್ಗದ ಉಂಗುರವೊಂದನ್ನು ಕೊಂಡು ಅದನ್ನು ತಿರುಗಿಸಿ, ಹಿಂಬದಿ ಮುಂದಾಗುವಂತೆ ಕ್ಯಾಮೆರಾಕ್ಕೆ ಜೋಡಿಸಿ. ಎರಡು ಪಟ್ಟು ಹಿಗ್ಗುವಿಕೆ ಕೈಗೆ ಬಂತು. 50 ಮಿಲಿಮೀಟರ್ ಲೆನ್ಸಿನ ಹಿಂದೆ 50 ಮಿಲಿಮೀಟರ್ ಉದ್ದದ ಖಾಲಿ ಕೊಳವೆ ಸೇರಿಸಿದರೆ ಒಂದಕ್ಕೆ ಒಂದು. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮಸೂರವಂತೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಳ್ಳಿಯ ಶಾಲೆಯಲ್ಲಿ ಅಂಥದೊಂದು ಇದ್ದರೆ ಮಕ್ಕಳು ವಾರಕ್ಕೊಮ್ಮೆ ಅಪ್ಪನ ಹೊಲದ ಎಲೆ ಮಗುಚಿ ನೋಡಿಯಾರು.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ರೈತ ಕುಟುಂಬಗಳು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತವೆ. ಕಡುಬು, ಸಜ್ಜೆ ರೊಟ್ಟಿ, ಪಲ್ಯವನ್ನು ಭೂಮಿತಾಯಿಗೆಂದು ಬೆಳೆಯ ನಡುವೆ ಎರಚುತ್ತಾರೆ. ಹಕ್ಕಿ ತಿನ್ನುತ್ತದೆ, ಇರುವೆ ತಿನ್ನುತ್ತದೆ. ಹೊಲದಲ್ಲಿ ನಮ್ಮೊಡನೆ ಇನ್ನೂ ಯಾರೋ ಉಣ್ಣುವವರಿದ್ದಾರೆಂಬ ತಿಳಿವು ಆ ಆಚರಣೆಯಲ್ಲಿದೆ. ಅವರು ಯಾರೆಂದು ಮುಖ ನೋಡುವ ಅನುಕೂಲ ಹಿರಿಯರಿಗೆ ಇರಲಿಲ್ಲ. ನಮಗೆ ಇದೆ.

ತಂಗಡಗಿಯ ಆ ರೈತರು ಚಿತ್ರವನ್ನು ಬಹಳ ಹೊತ್ತು ನೋಡಿದರು. ‘ಇಷ್ಟು ವರ್ಷ ಇದನ್ನ ಕೊಂದೆನಲ್ರಿ’ ಎಂದರು. ಪಂಪು ಇಳಿಸಲಿಲ್ಲ. ಬೆಳೆಯ ಮೇಲೆ ಸಾಲವಿತ್ತು. ಒಂದು ಚಿತ್ರವನ್ನು ನಂಬಿ ಇಡೀ ಹೊಲ ಬಿಡುವ ಧೈರ್ಯ ಯಾರಿಗಿರುತ್ತದೆ? ಬದುವಿನ ಪಕ್ಕದ ನಾಲ್ಕು ಸಾಲು ಮಾತ್ರ ಬಿಟ್ಟು ಉಳಿದದ್ದಕ್ಕೆ ಹೊಡೆದರು.

ಹತ್ತು ದಿನದ ಮೇಲೆ ಫೋನ್ ಮಾಡಿ ಕೇಳಿದೆ. ಬಿಟ್ಟ ಸಾಲುಗಳಲ್ಲಿ ಹೇನು ಪೂರ್ತಿ ಹೋಗಿಲ್ಲ, ಹೆಚ್ಚಿಯೂ ಇಲ್ಲ ಎಂದರು. ನಾಲ್ಕು ಸಾಲು ಜೋಳದಿಂದ ಸಿದ್ಧಾಂತ ಕಟ್ಟಲು ಬಾರದು. ಆದರೆ ಫೋನ್ ಇಡುವ ಮುನ್ನ ಅವರೇ ಒಂದು ಮಾತು ಕೇಳಿದರು: ಎಲೆಯ ಮೇಲೆ ಕೂದಲಿನ ತುದಿಗೆ ಬಿಳೇ ಮೊಟ್ಟೆ ಕಾಣ್ತಾವು, ಅವು ನಮ್ಮವೋ, ಅವರವೋ?

ನಮ್ಮವೇ ಎಂದೆ.